ಕೆಂಪು ಬಾಳೆಯ ಬೇತು

ಪ್ರಭವ ಸಂವತ್ಸರ (ಫಸಲಿ 1337), ಕಾರ್ತಿಕ ಶುದ್ಧ ಪಾಡ್ಯ. ಕಲಬುರಗಿ, ಬ್ರಹ್ಮಪುರ

ಅಂಗಡಿಯ ಪೂಜೆ ಮುಗಿಯಿತು. ಬೇತು ಅಂಟಿಸಿದೆ. ದೀಪಾವಳಿಯ ಪಾಡ್ಯದ ದಿನ ಮನೆಯ ಹಿರಿಯನಾದವನು ಮುಂದಿನ ಒಂದು ವರ್ಷ ವ್ಯಾಪಾರ ಹೇಗೆ ನಡೆಯಬೇಕೆಂಬ ಬೇತನ್ನು ಅರಿಸಿನದ ನೀರಿನಲ್ಲಿ ಬರೆದು ಗಾದಿಯ ಹಿಂದಿನ ಗೋಡೆಗೆ ಹಚ್ಚುವುದು ನಮ್ಮ ಮನೆಯ ಪದ್ಧತಿ. ಅಂದಿನಿಂದ ಅದಕ್ಕೆ ದಿನಾ ವಿಭೂತಿ, ಊದಿನಕಡ್ಡಿ. ಮುಂದಿನ ಪಾಡ್ಯದವರೆಗೆ ಯಾರೂ ಅದಕ್ಕೆ ಕೈ ಹಚ್ಚುವಂತಿಲ್ಲ.

ಇಷ್ಟು ವರ್ಷ ಬರೆಯುತ್ತಿದ್ದವನು ಅಣ್ಣ ದೇವೀಂದ್ರಪ್ಪ. ಶ್ರಾವಣದಲ್ಲಿ ಜ್ವರ ಬಂದು ತೀರಿಹೋದ. ಹೋಗುವ ಮುಂಚೆ ನನ್ನ ಕೈ ಹಿಡಿದು, "ಕಮಲಾಪುರದ ತೋಟ ಕೈ ಬಿಡಬ್ಯಾಡ ಅಣವೀರಪ್ಪ. ಅದು ನಿಮ್ಮ ವೈನಿದು" ಎಂದಿದ್ದ. ಅಣ್ಣನ ಹೆಂಡತಿ ಜಯದೇವಿ ವೈನಿ ಅಲ್ಲೇ ಇರುವುದು, ಮಕ್ಕಳಿಲ್ಲ. ಕೆಂಪು ಬಾಳೆಯ ಆ ತೋಟ, ಹಣ್ಣು ಮಾಗಿಸುವ ಹೊಗೆಕೋಣೆ, ಇಷ್ಟೇ ಅವರ ಸಂಸಾರ. ಅವರ ತಮ್ಮ ಖಂಡೆಪ್ಪ ಆಳಂದದಿಂದ ಬಂದು, ತೋಟವನ್ನು ಯಾರಿಗಾದರೂ ಗೇಣಿ ಲಾವಣಿಗೆ ಕೊಟ್ಟು ತವರಿಗೆ ಬಂದುಬಿಡು ಎಂದು ಹೇಳಿ ಹೋಗಿದ್ದಾನೆ. ವೈನಿ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಇಲ್ಲಿ ವ್ಯಾಪಾರ ನಡೆದರೆ ಅಲ್ಲಿ ತೋಟ ಉಳಿಯುತ್ತದೆ. ಇಲ್ಲದಿದ್ದರೆ ಅವರು ಹೋಗುತ್ತಾರೆ, ನಾನು ಕೊಟ್ಟ ಮಾತೂ ಹೋಗುತ್ತದೆ.

ಅದಕ್ಕೇ ನಾನು ಜಾಣತನ ತೋರಿಸಲು ಹೋಗಲಿಲ್ಲ. ಹೋದ ವರ್ಷದ ಅಣ್ಣನ ಬೇತನ್ನೇ ಅಕ್ಷರ ಬಿಡದೆ ನಕಲು ಮಾಡಿದೆ. ಶುಕ್ರವಾರ ಗೊನೆ ಕಡಿಯುವುದು. ಶನಿವಾರ ಹೊಗೆಗೆ ಹಾಕಿ ಬಾಗಿಲಿಗೆ ಕೆಸರು ಮೆತ್ತುವುದು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ. ಮಂಗಳವಾರ ಬಾಗಿಲು ತೆರೆದು ಬಂಡಿಗೆ ಹೇರುವುದು. ಮಹಾಗಾಂವದಲ್ಲಿ ವಸತಿ. ಬುಧವಾರ ಬೆಳಿಗ್ಗೆ ಕಲಬುರಗಿ ಟೇಶನ್. ಬಂಡಿಯ ಹುಲ್ಲಿನ ಕಾವಿನಲ್ಲಿ ಹಣ್ಣು ದಾರಿಯಲ್ಲೇ ಹದಕ್ಕೆ ಬರುತ್ತದೆ. ಇದಕ್ಕಿಂತ ಚೆಂದದ ಬೇತು ಯಾರು ಮಾಡಿಯಾರು?

ಹೆಂಡತಿ ವಿಮಲಾಬಾಯಿ ನೋಡಿ, "ಅಕ್ಷರಾನೂ ಅವರಂಗ ಬರದೀರಲ್ಲ" ಎಂದಳು. ಹೊಗಳಿದಳು ಎಂದುಕೊಂಡಿದ್ದೇನೆ.

ವೈನಿಗೆ ಒಂದು ಪ್ರತಿ ಕಳಿಸಿದೆ.

ಮಾರ್ಗಶಿರ ಬಹುಳ ಪಂಚಮಿ

ಟೇಶನ್ನಿನ ಹಣ್ಣಿನ ಗುತ್ತೇದಾರ ಅಲ್ಲಾಬಕ್ಷ ಅಂಗಡಿಗೆ ಬಂದಿದ್ದ. ನಮ್ಮ ಹಣ್ಣಿನಲ್ಲಿ ಮುಕ್ಕಾಲು ಪಾಲು ಅವನ ಕೈಯಿಂದಲೇ ರೈಲಿಗೆ ಹೋಗುವುದು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ.

"ಸಾವಕಾರ್ರ, ಯೇ ಕ್ಯಾ ಹೈ? ಮೊನ್ನೆ ಒಬ್ಬ ವಕೀಲಸಾಹೇಬ್ರು ತಗೊಂಡ್ರು. ಶಹಾಬಾದ ದಾಟಿದ ಮ್ಯಾಲೆ ಬಾಯಾಗ ಹಾಕ್ಯಾರ. ಇವತ್ತ ತಿರುಗಿ ಬರೋವಾಗ ಗಾಡಿ ನಿಂತಿದ್ದೇ ತಡ, ಇಳದು ಬಂದು ಉಳಿದದ್ದೆಲ್ಲ ನನ್ನ ಬುಟ್ಟಿಗೆ ವಗದು ಹೋದ್ರು. ಕಲ್ಲಿದ್ದಂಗ ಅದಾವ."

ಕೆಂಪು ಬಾಳೆಯ ತೊಂದರೆಯೇ ಅದು. ಕಾಯಿಯೂ ಕೆಂಪು, ಹಣ್ಣೂ ಕೆಂಪು. ಕಣ್ಣಿಗೆ ಗೊತ್ತಾಗುವುದಿಲ್ಲ, ಹಲ್ಲಿಗೆ ಗೊತ್ತಾಗುತ್ತದೆ.

ತಪ್ಪು ಬಂಡಿಯ ಇಮಾಮುದ್ದೀನನದೇ ಇರಬೇಕು. ಎತ್ತು ಓಡಿಸಿಕೊಂಡು ಬರುತ್ತಿದ್ದಾನೆ, ಹಣ್ಣಾಗಲು ದಾರಿ ಸಾಲುತ್ತಿಲ್ಲ. ಕರೆಸಿ ಹೇಳಿದೆ. "ಎತ್ತಿಗೆ ಹೇಳ್ರಿ ಸಾವಕಾರ್ರ. ಮನೀ ಕಡೆ ಹೊಂಟವು ಅಂದ್ರ ನನ್ನ ಮಾತು ಎಲ್ಲಿ ಕೇಳತಾವ?" ಎಂದ. ಅವನ ಮನೆ ಇಲ್ಲೇ ಕಲಬುರಗಿಯಲ್ಲಿದೆ, ಅದು ನಿಜ. ಆದರೂ ನಿಧಾನ ಹೊಡೆ ಎಂದು ತಾಕೀತು ಮಾಡಿದ್ದೇನೆ.

ಪುಷ್ಯ ಶುದ್ಧ ದಶಮಿ

ಇಮಾಮುದ್ದೀನ ತನ್ನ ಬುದ್ಧಿ ಖರ್ಚು ಮಾಡಿದ್ದಾನೆ. ಕಾವು ಹೆಚ್ಚಲೆಂದು ಹುಲ್ಲಿಗೆ ನೀರು ಚಿಮುಕಿಸಿ ಮೇಲೆ ಕಂಬಳಿ ಹೊದಿಸಿ ತಂದ. ಅಡಿಯ ಗೊನೆ ಕೊಳೆತಿವೆ, ಮೇಲಿನವು ಹಾಗೇ ಕಲ್ಲು. ನಾನು ಕೂಗಾಡಿದೆ. ಅವನೂ ಕೂಗಾಡಿದ. ಬಜಾರದವರು ನಿಂತು ನೋಡಿದರು.

ಅಲ್ಲಾಬಕ್ಷನ ಮಾತು ಈ ಸಲ ಮೆತ್ತಗಿತ್ತು. ಅದೇ ನನಗೆ ಹೆದರಿಕೆ. "ನಿಮ್ಮ ಅಣ್ಣನ ಮಾರಿ ನೋಡಿ ಯುಗಾದಿ ತನಕ ತಡೀತೀನಿ. ಆಮ್ಯಾಲ ಬ್ಯಾರೆ ಕಡೆ ಹಣ್ಣು ತರಿಸ್ತೀನಿ. ಬೇಜಾರ ಮಾಡ್ಕೋಬ್ಯಾಡ್ರಿ."

ಆಳಂದದಿಂದಲೂ ಸುದ್ದಿ ಬಂದಿದೆ. ಯುಗಾದಿಗೆ ಖಂಡೆಪ್ಪ ಬಂಡಿ ಕಟ್ಟಿಕೊಂಡು ಅಕ್ಕನನ್ನು ಕರೆದೊಯ್ಯಲು ಬರುತ್ತಾನಂತೆ. ಎಲ್ಲರಿಗೂ ಯುಗಾದಿಯೇ ಬೇಕು.

ಬೇತಿನ ಮುಂದೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದೆ.

ಪುಷ್ಯ ಅಮಾವಾಸ್ಯೆ

ಮತ್ತೆ ಕಲ್ಲು. ಬರೆಯುವುದೇನಿದೆ.

ಮಾಘ ಶುದ್ಧ ಸಪ್ತಮಿ. ಕಮಲಾಪುರ

ಬರಬಾರದು ಎಂದುಕೊಂಡಿದ್ದವನು ಬಂದಿದ್ದೇನೆ. ಅಣ್ಣ ಇಲ್ಲದ ಮನೆಗೆ ಮೇಲಿಂದ ಮೇಲೆ ಹೋದರೆ ಬಜಾರದ ಬಾಯಿ ಸುಮ್ಮನಿರುವುದಿಲ್ಲ. "ನಾನೂ ಬರತೀನಿ ನಡೀರಿ, ಯಾರು ಏನಂತಾರ ನೋಡೂಣು" ಎಂದು ವಿಮಲಾಬಾಯಿ ಸೀರೆ ಗಂಟು ಕಟ್ಟಿದಳು.

ಅಣ್ಣನಿಗೆ ಈ ಸಂಕೋಚ ಇರಲಿಲ್ಲ, ಇರಬೇಕಾದ್ದೂ ಇಲ್ಲ. ಪ್ರತಿ ಹುಣ್ಣಿಮೆ, ಪ್ರತಿ ಅಮಾವಾಸ್ಯೆ ಅಂಗಡಿಯನ್ನು ನನ್ನ ತಲೆಗೆ ಕಟ್ಟಿ ಕಮಲಾಪುರಕ್ಕೆ ಓಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಮುಖ ನೋಡದೆ ಇರಲಾರ ಎಂದು ನಾವೆಲ್ಲ ನಗುತ್ತಿದ್ದೆವು. ಅವನೂ ನಗುತ್ತಿದ್ದ, ಇಲ್ಲ ಎನ್ನುತ್ತಿರಲಿಲ್ಲ.

ಇವತ್ತು ಅದೇ ಮಾತನ್ನು ವಿಮಲಾಬಾಯಿ ವೈನಿಯ ಎದುರು ಎತ್ತಿದಳು. ಹೊಗೆಕೋಣೆಯ ಮುಂದೆ ಕುಳಿತಿದ್ದೆವು. ವೈನಿ ಹೇಳಿದರು.

"ನನ್ನ ಮಾರಿ ನೋಡಾಕ ಬರತಾರ ಅಂತ ನಾನೂ ತಿಳಕೊಂಡಿದ್ದೆ, ಮೊದಮೊದಲು. ಬಂದವರು ಕಾಲು ತೊಳೀಲಾರದ ಹೊಗಿಕ್ವಾಣ್ಯಾಗ ಹೋಗ್ತಿದ್ರು. ಗ್ವಾಡಿಗೆ ಕೈ ಇಟ್ಟು ನೋಡೋರು. ಗೊನಿ ಮೂಸಿ ನೋಡೋರು. ಹೊರಗ ಬಂದು, ಈ ಸಲ ಒಂದು ದಿನ ಹೆಚ್ಚಿಗಿ ಇಡು, ಇಲ್ಲಾಂದ್ರ ಈ ಸಲ ಲಗೂನ ತಗಿ, ಅನ್ನೋರು. ಆಮ್ಯಾಲ ನನ್ನ ಮಾರಿ."

"ಅಂದ್ರ ಬೇತು ಬದಲ ಮಾಡ್ತಿದ್ದನೇನ್ರಿ ವೈನಿ?"

"ಹೂಂ. ಹುಣ್ಣಿಮಿಗೊಮ್ಮಿ, ಅಮಾಸಿಗೊಮ್ಮಿ."

"ಮತ್ತ ಗ್ವಾಡಿಗೆ ಹಚ್ಚಿದ್ದು?"

"ಅದು ಪಾಡ್ಯದ ದಿನದ್ದು" ಎಂದರು. ಅದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನನ್ನು ನೋಡಿದರು.

ಹಾಗಾದರೆ ಇಷ್ಟು ದಿನ ನೀವೇಕೆ ಬದಲಿಸಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. "ನೀವು ಕಳಿಸಿದ ಕಾಗದ ಅವರ ಕೈಲೆ ಬರದಂಗ ಇತ್ತು. ಅದನ್ನ ನಾ ಹ್ಯಾಂಗ ಮೀರಲಿ? ಅವರು ಏನು ಮೂಸಿ ಏನು ತಿಳಕೊಳ್ತಿದ್ರೋ ನನಗ ಗೊತ್ತೂ ಇಲ್ಲ. ಹೇಳಿದಷ್ಟು ಮಾಡ್ತಿದ್ದೆ" ಎಂದು ಕಣ್ಣು ಒರೆಸಿಕೊಂಡರು.

ಅಂದರೆ ನಾವಿಬ್ಬರೂ ಸೇರಿ ಅಣ್ಣನಿಗೆ ಮರ್ಯಾದೆ ಕೊಡುತ್ತ ಅವನ ವ್ಯಾಪಾರವನ್ನು ಮುಳುಗಿಸುತ್ತಿದ್ದೆವು. ಕಾರ್ತಿಕದ ಬಿಸಿಯಲ್ಲಿ ಬರೆದ ಬೇತು ಪುಷ್ಯದ ಥಂಡಿಗೆ ಹೇಗೆ ಸಾಕಾದೀತು? ಇದು ಗೊತ್ತಾಗಲು ನಾನು ಬಂಡಿಯವನನ್ನು ಬೈಯಬೇಕಾಯಿತು, ಎತ್ತನ್ನೂ ಬಿಡಲಿಲ್ಲ. ಅಣ್ಣನ ಮೇಲೆ ನನಗೆ ಸಿಟ್ಟು ಬಂದಿದೆ. ಒಂದು ಮಾತು ಹೇಳಿ ಹೋಗಬಾರದಿತ್ತೇ? ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದನೋ ಏನೋ.

ಕೋಣೆಯ ಒಳಗೆ ಹೋಗಿ ನಾನೂ ಗೋಡೆಗೆ ಕೈ ಇಟ್ಟೆ. ಗೋಡೆ ಗೋಡೆಯಂತೆಯೇ ಇತ್ತು. ಗೊನೆ ಮೂಸಿದೆ. ಸೀನು ಬಂತು.

ಮಾಘ ಹುಣ್ಣಿಮೆ. ಕಲಬುರಗಿ

ಹುಮನಾಬಾದದ ರಸ್ತೆಗೆ ಮೋಟಾರು ಬಂದಿದೆ. ಸರಕಾರದ ಪರವಾನಗಿ ಆಗಿದೆಯಂತೆ. ಬೆಳಿಗ್ಗೆ ಕಮಲಾಪುರ ಬಿಟ್ಟರೆ ಊಟದ ಹೊತ್ತಿಗೆ ಟೇಶನ್. ಜನರು ಒಳಗೆ, ಸಾಮಾನು ಮೇಲೆ. ಮೋಟಾರಿಗೆ ಸೋಮವಾರದ ರಜೆಯೂ ಇಲ್ಲ.

ಕುಳಿತು ಲೆಕ್ಕ ಹಾಕಿದೆ. ಮಂಗಳವಾರ ಬಾಗಿಲು ತೆರೆಯುವುದು ಬೇಡ. ಇನ್ನೊಂದು ರಾತ್ರಿ ಹೊಗೆಯಲ್ಲೇ ಇರಲಿ. ಬುಧವಾರ ಬೆಳಿಗ್ಗೆ ತೆರೆದು ನೇರ ಮೋಟಾರಿಗೆ. ವೈನಿಗೆ ಹೇಳಿ ಕಳಿಸಿದೆ.

ಇಮಾಮುದ್ದೀನನಿಗೆ ಇನ್ನು ಬಂಡಿ ಬೇಡ ಎಂದೆ. "ಹಾಂ, ಬರೋಬರ ಅದ" ಎಂದು ಹೋದ. ಗಂಜಿನ ಕಾಳುಪೇಟೆಯಲ್ಲಿ ತೊಗರಿ ಚೀಲ ಹೇರುತ್ತಾನಂತೆ. ಅಣ್ಣನ ಮಣ್ಣಿಗೆ ಬಂದಿದ್ದವನು ಅವನು. ಬೇಡ ಎನ್ನುವುದಕ್ಕೆ ನನಗೂ ಹಗುರಾಗಲಿಲ್ಲ. ಆದರೆ ವ್ಯಾಪಾರ.

ಮಾಘ ಬಹುಳ ಷಷ್ಠಿ

ಹಣ್ಣು! ಗೊನೆಗೆ ಗೊನೆ ಹದವಾಗಿವೆ. ಅಲ್ಲಾಬಕ್ಷ ಒಂದು ಸುಲಿದು ತಿಂದ, ಇನ್ನೊಂದು ಸುಲಿದ. ಮಾತಾಡಲಿಲ್ಲ. ಬಾಯಿ ತುಂಬಿತ್ತು.

ಹೊಸ ಬೇತನ್ನು ಅರಿಸಿನದಲ್ಲಿ ಬರೆದು ಗೋಡೆಗೆ ಹಚ್ಚಿದೆ. ಅಣ್ಣನದರ ಮೇಲೆ ಅಂಟಿಸಲು ಕೈ ಬರಲಿಲ್ಲ, ಮಗ್ಗುಲಿಗೆ ಹಚ್ಚಿದೆ. ಈಗ ಎರಡಕ್ಕೂ ವಿಭೂತಿ. ಇನ್ನು ಇದನ್ನು ಮುಟ್ಟುವ ಪ್ರಶ್ನೆ ಇಲ್ಲ. ಒಮ್ಮೆ ಕುಳಿತು ಸರಿಯಾಗಿ ಯೋಚನೆ ಮಾಡಿದರೆ ಆಯಿತು, ಪದೇಪದೇ ಓಡಾಡುವ ಅಗತ್ಯವೇ ಬೀಳುವುದಿಲ್ಲ. ಅಣ್ಣನಿಗೆ ಇದು ಹೊಳೆಯಲಿಲ್ಲ ನೋಡು.

ವಿಭವ ಸಂವತ್ಸರ, ಚೈತ್ರ ಶುದ್ಧ ಪಾಡ್ಯ

ಯುಗಾದಿ. ಬೇವು ಬೆಲ್ಲ ಆಯಿತು. ಅಲ್ಲಾಬಕ್ಷ ಗಡುವನ್ನು ಮುಂದಕ್ಕೆ ಹಾಕಿದ್ದಾನೆ. ವೈಶಾಖ ಹುಣ್ಣಿಮೆಯ ಹೊತ್ತಿಗೆ ಬಂದೇನವಾಜರ ಉರುಸು. ದೂರದೂರದಿಂದ ರೈಲು ತುಂಬಿ ಜನ ಬರುತ್ತಾರೆ. "ಉರುಸಿನಾಗ ನಿಮ್ಮ ಹಣ್ಣು ಕೈ ಹಿಡೀತು ಅಂದ್ರ ನಾನು ಬ್ಯಾರೆಯವರ ಮಾರಿ ನೋಡಂಗಿಲ್ಲ. ಕೈ ಕೊಟ್ರ ಮಾತ್ರ ನಮ್ಮದು ನಿಮ್ಮದು ಮುಗೀತು" ಎಂದ.

ಖಂಡೆಪ್ಪ ಬಂಡಿ ತಂದಿದ್ದನಂತೆ. ಉರುಸು ಮುಗಿಯಲಿ ಎಂದು ವೈನಿ ತಿರುಗಿಸಿ ಕಳಿಸಿದ್ದಾರೆ. ಇನ್ನು ಚಿಂತೆ ಇಲ್ಲ.

ಚೈತ್ರ ಬಹುಳ ಷಷ್ಠಿ

ಚಿಂತೆ ಇದೆ. ಮೋಟಾರಿನ ಮೇಲಿಂದ ಇಳಿಸುವಾಗ ಗೊನೆಯಿಂದ ಹಣ್ಣು ತಾವಾಗಿಯೇ ಉದುರಿದವು. ಸಿಪ್ಪೆ ಒಡೆದು ಕಪ್ಪಾಗಿವೆ. ಬಿಸಿಲಿಗೆ ಕಾದ ತಗಡಿನ ಮೇಲೆ ಅರ್ಧ ದಿನ ಬೆಂದು ಬಂದಿದ್ದವು. ಅಲ್ಲಾಬಕ್ಷ ಒಂದನ್ನೂ ಮುಟ್ಟಲಿಲ್ಲ. ದನಗಳು ತಿಂದವು.

ಮನೆಗೆ ಬಂದು, "ಮೊನ್ನೆ ತಾನೇ ಬೇತು ತಿದ್ದೀನಿ, ಮತ್ತೇನು ಮಾಡಬೇಕಂತ?" ಎಂದೆ.

"ಮೊನ್ನೆ ಅಂದ್ರ ಮಾಘ. ಈಗ ಚೈತ್ರ ಮುಗೀಲಿಕ್ಕ ಬಂತು" ಎಂದಳು ವಿಮಲಾಬಾಯಿ. "ಬಿಸಿಲಿಗೆ ನಿಮ್ಮ ಕಾಗದ ಓದಾಕ ಬರತದೇನ್ರಿ?"

ಪಂಚಾಂಗ ತೆಗೆದು ದಿನ ಎಣಿಸಿದೆ.

ಉರುಸಿಗೆ ನಾಲ್ಕು ವಾರವೂ ಇಲ್ಲ.

ಚೈತ್ರ ಅಮಾವಾಸ್ಯೆ. ಕಮಲಾಪುರ

ಕೋಣೆಯ ಗೋಡೆ ಮುಟ್ಟಿ ಕೈ ಹಿಂದೆಗೆದುಕೊಂಡೆ. ಹೊಗೆ ಹಾಕುವ ಮೊದಲೇ ಒಳಗೆ ಒಲೆಯ ಕಾವು. ಮಾಘದಲ್ಲಿ ಇದೇ ಗೋಡೆ ತಣ್ಣಗಿತ್ತು. ಅಣ್ಣ ಏನು ನೋಡುತ್ತಿದ್ದ ಎಂಬುದರಲ್ಲಿ ಇಷ್ಟಾದರೂ ಗೊತ್ತಾಯಿತು. ವೈನಿಯ ಕೈ ಹಿಡಿಯುವಂತಿಲ್ಲವಾಗಿ, ವಿಮಲಾಬಾಯಿಯ ಕೈಯಿಂದ ಅವರ ಕೈಯನ್ನು ಗೋಡೆಗೆ ಇಡಿಸಿ, ಈ ಬಿಸಿ ನೆನಪಿಡಿ ಎಂದೆ.

ಮೂವರೂ ಕುಳಿತು ಮಾತಾಡಿದೆವು. ಭಾನುವಾರವೇ ಬಾಗಿಲು ಒಡೆದು ಗಾಳಿ ಬಿಡೋಣ ಎಂದೆ ನಾನು. ಮೋಟಾರು ಬೇಡ, ತಗಡೇ ವೈರಿ ಎಂದಳು ವಿಮಲಾಬಾಯಿ. ಹೊತ್ತು ಮುಳುಗಿದ ಮೇಲೆ ಬಂಡಿ ಹೂಡಿದರೆ ದಾರಿಯೆಲ್ಲ ತಂಪು, ಮಹಾಗಾಂವದ ವಸತಿಯೂ ಬೇಡ ಎಂದರು ವೈನಿ. "ಹಸೀ ಬಾಳಿಎಲಿ ಹಾಸಿ, ಮ್ಯಾಲೂ ಅದನ್ನ ಹೊಚ್ಚೂಣು. ಹುಲ್ಲು ಬ್ಯಾಡ."

ಮೊದಲೊಂದು ಬಂಡಿ ಕಳಿಸಿ ನೋಡುವುದು, ತಪ್ಪಿದರೆ ಮತ್ತೆ ತಿದ್ದುವುದು.

ವೈಶಾಖ ಶುದ್ಧ ತದಿಗೆ. ಕಲಬುರಗಿ

ಗಂಜಿನ ಪೇಟೆಗೆ ಹೋಗಿ ಇಮಾಮುದ್ದೀನನನ್ನು ಹುಡುಕಿದೆ. ಚೀಲದ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಏಳಲಿಲ್ಲ.

"ಮೋಟಾರು ಕೆಟ್ಟು ನಿಂತದೇನ್ರಿ ಸಾವಕಾರ್ರ?"

"ಇಲ್ಲೋ, ಬಿಸಿಲು ಬಂತು. ನಿನಗ ಹೋಗು ಅಂದಿದ್ದು ನನ್ನ ತಪ್ಪು. ಬಾ."

"ಮಳಿ ಬಂದ ಮ್ಯಾಲೆ ಮತ್ತ ಹೋಗು ಅಂತೀರಿ."

"ಏನಂತೀನೋ ಈಗ ಗೊತ್ತಿಲ್ಲ. ಹುಣ್ಣಿಮಿಗೆ, ಅಮಾಸಿಗೆ ಕೂಡಿ ಮಾತಾಡೂಣು. ನೀನೂ ಬಾ."

ಅವನು ರೊಟ್ಟಿ ಮಡಚಿಟ್ಟು ಎದ್ದ. "ಹಂಗಾದ್ರ ಬರತೀನಿ" ಎಂದ.

ವೈಶಾಖ ಶುದ್ಧ ಪಂಚಮಿ

ಮೊದಲ ಬಂಡಿ ಬಂತು. ಹಣ್ಣು ಸ್ವಲ್ಪ ಬಿರುಸು. ಬಾಗಿಲು ಭಾನುವಾರ ಬೆಳಿಗ್ಗೆ ಬೇಡ, ಸಂಜೆಗೆ ಒಡೆಯಿರಿ ಎಂದು ಇಮಾಮುದ್ದೀನನ ಕೈಯಲ್ಲಿ ಹೇಳಿ ಕಳಿಸಿದೆ.

ವೈಶಾಖ ಹುಣ್ಣಿಮೆ

ಉರುಸು. ಟೇಶನ್ನಿನಲ್ಲಿ ಕಾಲಿಡಲು ಜಾಗವಿಲ್ಲ. ಬಂಡಿ ನಸುಕಿನಲ್ಲೇ ಬಂತು. ಎಲೆ ಸರಿಸಿದಾಗ ವಾಸನೆ ಎದ್ದಿತು, ಕುಲಿಗಳು ತಿರುಗಿ ನೋಡಿದರು. ಅಲ್ಲಾಬಕ್ಷ ನನ್ನ ಭುಜದ ಮೇಲೆ ಕೈ ಹಾಕಿ, "ದೇವೀಂದ್ರಪ್ಪ ಸಾವಕಾರ್ರು ಬಂದಂಗ ಆತು" ಎಂದ.

ಅಲ್ಲಿ ನಿಲ್ಲಲಾಗಲಿಲ್ಲ. ಕೊಳಾಯಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ವೈಶಾಖ ಅಮಾವಾಸ್ಯೆ. ಕಮಲಾಪುರ

ನಾವು ಕೋಣೆಯ ಮುಂದೆ ಕುಳಿತಿದ್ದಾಗ ಖಂಡೆಪ್ಪನ ಬಂಡಿ ಬಂತು. ಉರುಸು ಮುಗಿಯಿತಲ್ಲ, ನಡಿ ಎಂದ. ವೈನಿ, "ಕೂಡು ಬಾ. ಈಗ ಬೇತು ತಿದ್ದಾಕತ್ತೀವಿ. ಮಳಿಗಾಲ ಬಂತು, ಕುಳ್ಳು ಹಸಿ ಆಗತಾವ, ಹೊಗಿ ಹ್ಯಾಂಗ ಹಾಕೋದು ನೋಡಬೇಕು. ಹುಣ್ಣಿಮಿ ಆದ ಮ್ಯಾಲೆ ಮಾತಾಡೂಣು" ಎಂದರು. ಖಂಡೆಪ್ಪ ಊಟ ಮಾಡಿ ಹೋದ.

ಜ್ಯೇಷ್ಠ ಹುಣ್ಣಿಮೆ. ಕಮಲಾಪುರ

ಮಳೆ. ಕೆಸರಿನಲ್ಲಿ ಬಂಡಿ ಹೂತುಹೋಗುತ್ತದೆ, ಮೋಟಾರು ಇನ್ನೂ ಓಡುತ್ತಿದೆ. ಮಳೆ ಬಿಟ್ಟ ದಿನ ಬಂಡಿ, ಹೊಡೆದ ದಿನ ಮೋಟಾರು. ಇಮಾಮುದ್ದೀನನೇ ಹೇಳಿದ, ನೀರು ಇಳಿಯದಂತೆ ಮೇಲೆ ತಾಡಪತ್ರಿ ಹಾಕಿರೆಂದು. ಈಗ ಬಂಡಿ ಇಲ್ಲದ ದಿನ ಅವನೇ ಮೋಟಾರಿನ ಜೊತೆ ಬರುತ್ತಾನೆ, ಗೊನೆ ಕಾಯಲು.

ಖಂಡೆಪ್ಪ ಬಂದಿದ್ದ. ವೈನಿ ಅವನಿಗೆ ಕುಳ್ಳು ಒಣಗಿಸುವ ಚಪ್ಪರಕ್ಕೆ ಕಂಬ ನೆಡಲು ಹಚ್ಚಿದರು. ಸಂಜೆಯವರೆಗೆ ನೆಟ್ಟ.

ಜ್ಯೇಷ್ಠ ಅಮಾವಾಸ್ಯೆ. ಕಮಲಾಪುರ

ಬಾಗಿಲು ಒಂದು ದಿನ ತಡವಾಗಿ ತೆರೆಯುವುದೆಂದಾಯಿತು. ಖಂಡೆಪ್ಪ ಬರಲಿಲ್ಲ.

ನಿಜ ಶ್ರಾವಣ ಬಹುಳ ಬಿದಿಗೆ. ಕಲಬುರಗಿ

ಅಣ್ಣನ ವರ್ಷದ ಕಾರ್ಯ ಆಯಿತು. ಜಂಗಮರ ಪೂಜೆ, ಪ್ರಸಾದ. ವೈನಿ ಬಂದಿದ್ದರು. ಅಂಗಡಿಗೆ ಬಂದು ಗೋಡೆಯ ಮೇಲಿನ ಎರಡು ಕಾಗದಗಳನ್ನು ಬಹಳ ಹೊತ್ತು ನೋಡಿದರು. ಅಣ್ಣನ ಬೇತು ನೋಡುತ್ತಿದ್ದರೋ, ನನ್ನದನ್ನೋ. ಅಕ್ಷರ ಎರಡರಲ್ಲೂ ಒಂದೇ ತರ ಅಲ್ಲವೇ.

ವಿಮಲಾಬಾಯಿ ಕೇಳಿದಳು, "ಊದಿನಕಡ್ಡಿ ಹಚ್ಚೋದು ಯಾವಾಗ ಬಿಟ್ರಿ?"

ಬಿಟ್ಟಿದ್ದೇನೆಯೇ? ನೋಡಿದರೆ ಕಡ್ಡಿ ಸಿಕ್ಕಿಸುವ ಬಟ್ಟಲಲ್ಲಿ ಜೇಡ ಮನೆ ಮಾಡಿತ್ತು. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು. ನಾಳೆಯಿಂದ ಹಚ್ಚಬೇಕು.

ಕಾರ್ತಿಕ ಶುದ್ಧ ಪಾಡ್ಯ. ಕಲಬುರಗಿ

ಅಂಗಡಿಯ ಪೂಜೆಗೆ ವಿಮಲಾಬಾಯಿ ಬಟ್ಟಲಲ್ಲಿ ಅರಿಸಿನದ ನೀರು ಕಲಸಿ, ಬಿಳಿ ಕಾಗದ ತಂದಿಟ್ಟು, "ಬೇತು ಬರೀರಿ" ಎಂದಳು.

"ನಿನ್ನೆ ಅಮಾಸಿದು ಆತಲ್ಲ" ಎಂದೆ.

"ಅಯ್ಯ, ವರ್ಷದ್ದು ಬರೀರಿ ಅಂದ್ರ!"

ಲೇಖನಿ ಅದ್ದಿಕೊಂಡು ಕುಳಿತೆ. ಶುಕ್ರವಾರ ಗೊನೆ ಕಡಿಯುವುದು ಎಂದು ಬರೆಯೋಣವೆಂದರೆ ಈಗ ಗುರುವಾರ ಕಡಿಯುತ್ತಿದ್ದೇವೆ, ಮುಂದೆ ಯಾವಾಗಲೋ ತಿಳಿಯದು. ಬಂಡಿ ಎಂದು ಬರೆಯಲೋ ಮೋಟಾರು ಎಂದು ಬರೆಯಲೋ. ವರ್ಷವೆಲ್ಲ ನಿಲ್ಲುವಂಥದ್ದು ಒಂದೂ ನೆನಪಾಗಲಿಲ್ಲ. ಲೇಖನಿಯ ಅರಿಸಿನ ಒಣಗಿತು. ಎರಡನೆಯ ಸಲ ಅದ್ದಿ ಒಂದೇ ಸಾಲು ಬರೆದೆ.

ಕಮಲಾಪುರದ ತೋಟ ಕೈ ಬಿಡುವುದಿಲ್ಲ. ಉಳಿದದ್ದು ಹುಣ್ಣಿಮೆಗೆ.

ಅಂಟಿಸಿ ವಿಭೂತಿ ಹಚ್ಚಿದೆ. ಹಳೆಯ ಎರಡನ್ನೂ ತೆಗೆದು ಮಡಚಿ ದೇವರ ಜಗುಲಿಯ ಮೇಲೆ ಇಟ್ಟೆವು.

ಮಧ್ಯಾಹ್ನ ಇಮಾಮುದ್ದೀನ ಕಮಲಾಪುರದಿಂದ ಬಂಡಿ ಹೊಡೆದುಕೊಂಡು ಬಂದ. ಅಲ್ಲಿ ಈ ವರ್ಷ ಚಳಿ ಬೇಗ ಇಳಿದಿದೆಯಂತೆ. ವೈನಿ ನಿನ್ನೆ ನಾವು ಹೊರಟ ಮೇಲೆ ಕೋಣೆಯ ಗೋಡೆ ಮುಟ್ಟಿ ನೋಡಿ, ಹುಣ್ಣಿಮೆಯವರೆಗೆ ಕಾಯುವಂತಿಲ್ಲ, ಒಂದು ದಿನ ಹೆಚ್ಚಿಗೆ ಇಡುತ್ತೇನೆ, ಬಂದಾಗ ಅವರೇ ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದ್ದಾರೆ. ನನ್ನನ್ನು ಕೇಳಿಲ್ಲ.

ಮಜ್ಜಿಗೆ ಕೊಟ್ಟು ಕಳಿಸಿದೆ. ಎತ್ತುಗಳ ಕೊರಳಿಗೆ ವಿಮಲಾಬಾಯಿ ಚೆಂಡುಹೂವಿನ ಮಾಲೆ ಹಾಕಿದಳು.